ಅಧ್ಯಕ್ಷ ಸಾಲ್ವಾ ಕೀರ್ ಅವರೇ, 2012ರಲ್ಲಿ ನೀವೇ ಬರೆದ ಪತ್ರವನ್ನು ಇನ್ನೊಮ್ಮೆ ಓದಿ

ದಕ್ಷಿಣ ಸುಡಾನ್ ಗಣರಾಜ್ಯದ ಅಧ್ಯಕ್ಷರಾದ ಸಾಲ್ವಾ ಕೀರ್ ಮಯಾರ್ದಿತ್ ಅವರಿಗೆ,

ನಮಸ್ಕಾರ.

ನಾನು ಭಾರತೀಯ ಸೇನೆಯ ಪಶುವೈದ್ಯಕೀಯ ದಳದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ನನ್ನದು ಕರ್ನಾಟಕದ ಚಿತ್ರದುರ್ಗ ಜಿಲ್ಲೆ. 2010ರ ಕೊನೆಯಿಂದ ಹೆಚ್ಚುಕಮ್ಮಿ ಒಂದು ವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ನಿಮ್ಮ ಮಲಕಾಲ್ ಪಟ್ಟಣದಲ್ಲಿದ್ದೆ. ದನಗಳಿಗೆ ಲಸಿಕೆ ಹಾಕುವುದು, ಹುಣ್ಣು ತೊಳೆದು ಮದ್ದು ಹಚ್ಚುವುದು, ಉಣ್ಣೆ ಬಿಡಿಸುವ ಔಷಧಿ ಸಿಂಪಡಿಸುವುದು ನನ್ನ ಕೆಲಸ. ನಿಮ್ಮ ಜನರನ್ನು ನಾನು ಅರಿತದ್ದು ಅವರ ದನಗಳ ಮೂಲಕ. ಅವರು ನನ್ನನ್ನು ನಂಬಿದ್ದೂ ಹಾಗೆಯೇ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿರುವುದನ್ನು ಪೂರ್ತಿಯಾಗಿ ಹೇಳಲು ನನಗೆ ಬರುವ ಭಾಷೆ ಇದೊಂದೇ. ಇದು ನಿಮ್ಮವರೆಗೆ ತಲುಪಿದರೆ ಸಂತೋಷ. ತಲುಪದಿದ್ದರೂ, ನನ್ನ ನಾಡಿನ ನಾಲ್ಕು ಜನ ನಿಮ್ಮ ದೇಶದ ಹೆಸರನ್ನಾದರೂ ತಿಳಿಯಲಿ.

2011ರ ಜನವರಿ 9. ಜನಮತಗಣನೆಯ ಮೊದಲ ದಿನ. ಮಲಕಾಲ್‌ನ ಮತಗಟ್ಟೆಯ ಮುಂದೆ ಜನ ನಸುಕಿನಲ್ಲೇ ಬಂದು ಸಾಲು ನಿಂತಿದ್ದರು. ಓದು ಬಾರದವರಿಗಾಗಿ ಮತಪತ್ರದಲ್ಲಿ ಎರಡು ಚಿತ್ರ ಹಾಕಿದ್ದರು. ಕೈಕೈ ಹಿಡಿದ ಚಿತ್ರವೆಂದರೆ ಸುಡಾನಿನ ಜೊತೆಗೇ ಇರುವುದು, ಎತ್ತಿದ ಒಂಟಿ ಅಂಗೈ ಎಂದರೆ ಬೇರೆಯಾಗುವುದು. ಹಣೆಯ ಮೇಲೆ ಮಣಿ ಪೋಣಿಸಿದಂತೆ ಉಬ್ಬುಗುರುತುಗಳಿದ್ದ ಒಬ್ಬ ಶಿಲ್ಲುಕ್ ಅಜ್ಜಿ ಮಸಿ ಹತ್ತಿದ ಹೆಬ್ಬೆರಳನ್ನು ಸೀರೆಯಂಥ ತನ್ನ ಮೇಲುಬಟ್ಟೆಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಹೊರಬಂದದ್ದು ನನಗೆ ಇವತ್ತಿಗೂ ನೆನಪಿದೆ. ಅವಳ ಹಿಂದೆ ಹಣೆಯ ಮೇಲೆ ಆರು ಗೆರೆಗಳಿದ್ದ ನುಯೇರ್ ಗಂಡಸರು, ಅವರ ಹಿಂದೆ ಡಿಂಕಾ ಹುಡುಗರು. ಯಾರದು ಯಾವ ಕುಲ ಎಂದು ಹಣೆ ನೋಡಿದರೆ ತಿಳಿಯುತ್ತಿತ್ತು. ಆ ದಿನ ಹಾಗೆ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಸುಮಾರು 38 ಲಕ್ಷ ಜನ, ಅಂದರೆ ನೂರಕ್ಕೆ 98.83ರಷ್ಟು ಮತದಾರರು, ಆ ಒಂಟಿ ಅಂಗೈಗೆ ಹೆಬ್ಬೆಟ್ಟು ಒತ್ತಿದರು. ಸುಡಾನ್ ಸರ್ಕಾರದ ಜೊತೆ 1983ರಿಂದ 2005ರವರೆಗೆ ನಡೆದ ಯುದ್ಧದಲ್ಲಿ ಹಸಿವು, ರೋಗಗಳೂ ಸೇರಿ ಸುಮಾರು 20 ಲಕ್ಷ ಜೀವ ಹೋಗಿದ್ದವು. ಸಾಲಿನಲ್ಲಿದ್ದವರಲ್ಲಿ ಮನೆಯ ಒಬ್ಬರನ್ನಾದರೂ ಕಳೆದುಕೊಳ್ಳದವರು ಸಿಗುವುದು ಕಷ್ಟವಿತ್ತು.

ಜುಲೈ 9ರಂದು ರಾಜಧಾನಿ ಜೂಬಾದಲ್ಲಿ, ಆ ಯುದ್ಧದಲ್ಲಿ ದಕ್ಷಿಣದ ಬಂಡಾಯ ಪಡೆಯನ್ನು ಮುನ್ನಡೆಸಿದ ಜಾನ್ ಗರಾಂಗ್ ಅವರ ಸಮಾಧಿಯ ಬಳಿ ಹೊಸ ದೇಶದ ಧ್ವಜ ಏರಿತು. ನಮ್ಮ ಉಪರಾಷ್ಟ್ರಪತಿ ಹಮೀದ್ ಅನ್ಸಾರಿಯವರೂ ಅಲ್ಲಿಗೆ ಬಂದಿದ್ದರು. ನಾವು ಮಲಕಾಲ್‌ನಲ್ಲೇ ಇದ್ದೆವು. ರಾತ್ರಿಯೆಲ್ಲ ತಮಟೆಯ ಸದ್ದು. ನಮ್ಮ ಜೊತೆ ದುಭಾಷಿಯಾಗಿ ಕೆಲಸ ಮಾಡುತ್ತಿದ್ದ ನುಯೇರ್ ಹುಡುಗನೊಬ್ಬನಿದ್ದ. ವಯಸ್ಸು ಇಪ್ಪತ್ತೈದರ ಆಸುಪಾಸು. ಅವನು ಆ ರಾತ್ರಿ ನನ್ನನ್ನು ಒಂದು ಪ್ರಶ್ನೆ ಕೇಳಿದ. ‘ನಿಮ್ಮ ದೇಶದಲ್ಲಿ ಚುನಾವಣೆ ಸೋತ ನಾಯಕ ಆಮೇಲೆ ಎಲ್ಲಿರುತ್ತಾನೆ?’

ಮನೆಯಲ್ಲಿರುತ್ತಾನೆ, ಇನ್ನೆಲ್ಲಿ ಎಂದೆ.

‘ಅವನನ್ನು ಯಾರೂ ಕೊಲ್ಲುವುದಿಲ್ಲವಾ?’

ನಮ್ಮೂರಿನ ಪಂಚಾಯಿತಿಯಲ್ಲಿ ಸೋತವನೂ ಗೆದ್ದವನೂ ಒಂದೇ ಹೋಟೆಲಿನಲ್ಲಿ ಬೆಳಿಗ್ಗೆ ಚಹಾ ಕುಡಿಯುತ್ತಾರೆ, ಮುಖ ನೋಡದಿದ್ದರೂ ಬೆಂಚು ಒಂದೇ ಎಂದು ಹೇಳಿದೆ. ಅವನಿಗೆ ಅದು ಬಹಳ ಹಿಡಿಸಿತು. ಮಾರನೆಯ ದಿನ ತನ್ನ ಗೆಳೆಯರಿಗೆಲ್ಲ ಅದನ್ನು ನುಯೇರ್ ಭಾಷೆಯಲ್ಲಿ ಹೇಳಿಕೊಂಡು ತಿರುಗಿದ.

ಅಧ್ಯಕ್ಷರೇ, ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 2012ರ ಮೇ ತಿಂಗಳಲ್ಲಿ, ನೀವು ನಿಮ್ಮ ಸರ್ಕಾರದ ಹಾಲಿ ಮತ್ತು ಮಾಜಿ ಅಧಿಕಾರಿಗಳು 75 ಮಂದಿಗೆ ಒಂದು ಪತ್ರ ಬರೆದಿರಿ. ನಾಲ್ಕು ನೂರು ಕೋಟಿ ಡಾಲರ್ ಕಾಣೆಯಾಗಿದೆ, ತೆಗೆದುಕೊಂಡವರು ಹಿಂದಿರುಗಿಸಿ ಎಂದು ಕೇಳಿದಿರಿ. ಸ್ವಾತಂತ್ರ್ಯ, ನ್ಯಾಯ, ಸಮಾನತೆಗಾಗಿ ನಾವು ಹೋರಾಡಿದೆವು, ಎಷ್ಟೋ ಗೆಳೆಯರು ಅದಕ್ಕಾಗಿ ಸತ್ತರು, ಆದರೆ ಅಧಿಕಾರಕ್ಕೆ ಬಂದ ಮೇಲೆ ಯಾವುದಕ್ಕಾಗಿ ಹೋರಾಡಿದೆವೋ ಅದನ್ನೇ ಮರೆತು ಜನರ ಗಂಟಿನಲ್ಲಿ ನಮ್ಮನ್ನು ಸಿರಿವಂತರನ್ನಾಗಿ ಮಾಡಿಕೊಳ್ಳತೊಡಗಿದೆವು ಎಂಬ ಅರ್ಥದ ಮಾತು ಅದರಲ್ಲಿತ್ತು. ನಾನು ಆಗ ಊರಿಗೆ ಮರಳಿದ್ದೆ. ಸುದ್ದಿ ಓದಿ ನಿಮ್ಮ ಮೇಲೆ ಗೌರವ ಹುಟ್ಟಿತು. ‘ಅವರು ಮರೆತರು’ ಎಂದು ಬರೆಯಬಹುದಿತ್ತು. ನೀವು ‘ನಾವು’ ಎಂದು ಬರೆದಿರಿ. ಆಳುವವರ ಬಾಯಲ್ಲಿ ಆ ಪದವನ್ನು ನಾನು ಹೆಚ್ಚು ಕೇಳಿಲ್ಲ.

ಆ ‘ನಾವು’ ಎಲ್ಲಿ ಹೋಯಿತು ಎಂದು ಕೇಳುವುದಕ್ಕೇ ಈ ಪತ್ರ.

ಡಿಂಕಾ ಕುಲದವರಾದ ನಿಮ್ಮ ಮತ್ತು ನಿಮ್ಮ ಉಪಾಧ್ಯಕ್ಷರಾಗಿದ್ದ ನುಯೇರ್ ಕುಲದ ಡಾ. ರಿಯಕ್ ಮಾಚಾರ್ ಅವರ ನಡುವಿನ ಕಹಿ 2013ರಲ್ಲಿ ಹುಟ್ಟಿದ್ದಲ್ಲ ಎಂದು ನನಗೆ ಗೊತ್ತು. 1991ರ ಆಗಸ್ಟ್‌ನಲ್ಲಿ ಮಾಚಾರ್, ಲಾಮ್ ಅಕೋಲ್ ಮೊದಲಾದವರು ನಾಸಿರ್‌ನಲ್ಲಿ ಗರಾಂಗ್ ವಿರುದ್ಧ ಬಂಡೆದ್ದರು. ನಾಯಕತ್ವದ ಜಗಳ ಅದು. ಅದೇ ನವೆಂಬರ್‌ನಲ್ಲಿ ಅದು ಬೋರ್ ಪಟ್ಟಣಕ್ಕೆ ಬಂದಾಗ ಸತ್ತವರು ನಾಯಕರಲ್ಲ. ಸುಮಾರು ಎರಡು ಸಾವಿರ ಡಿಂಕಾ ಜನ ಸತ್ತರು, ಅವರ ದನಗಳನ್ನು ಹೊಡೆದುಕೊಂಡು ಹೋದರು. ಗರಾಂಗ್ ದೆ ಮಬಿಯೋರ್ ಎಂಬ ಹೆಸರಿನಲ್ಲಿರುವ ‘ಮಬಿಯೋರ್’ ಎಂದರೆ ಬಿಳಿ ಎತ್ತು ಎಂದು ನನಗೆ ಹೇಳಿಕೊಟ್ಟವನು ಬೋರ್ ಕಡೆಯ ಒಬ್ಬ ದನಗಾಹಿ. ನಮ್ಮಲ್ಲಿ ಕೆಂದ, ಬಿಳಿಯ, ಮಾಸ ಎಂದು ಎತ್ತಿಗೆ ಬಣ್ಣದ ಹೆಸರಿಡುತ್ತೇವೆ. ನಿಮ್ಮಲ್ಲಿ ಎತ್ತಿನ ಬಣ್ಣವನ್ನು ಮನುಷ್ಯರಿಗೇ ಹೆಸರಾಗಿಡುತ್ತಾರೆ. ಅಂಥವನ ದನಗಳನ್ನು ಕಸಿದರೆ ಅವನ ಹೆಸರನ್ನೇ ಕಸಿದ ಹಾಗೆ. ಇಪ್ಪತ್ತು ವರ್ಷದ ಹಿಂದಿನ ಆ ನವೆಂಬರ್ ಬಗ್ಗೆ ಮಾತನಾಡುವಾಗ ಅವನು ಸತ್ತ ತಮ್ಮನ ಹೆಸರು ಹೇಳಿ, ಹೋದ ದನಗಳ ಬಣ್ಣಗಳನ್ನು ಒಂದೊಂದಾಗಿ ಎಣಿಸಿದ.

ಆ ಗಾಯಕ್ಕೆ ಮೊದಲು ಮದ್ದು ಹಚ್ಚಿದವರು ಯಾರು? ನಾಯಕರಾದ ನೀವಲ್ಲ. 1999ರಲ್ಲಿ ವುನ್ಲಿಟ್ ಎಂಬಲ್ಲಿ ಚರ್ಚುಗಳ ಮಧ್ಯಸ್ಥಿಕೆಯಲ್ಲಿ ಡಿಂಕಾ ಮತ್ತು ನುಯೇರ್ ಹಿರಿಯರು ಸೇರಿದರು. ಒಬ್ಬೊಬ್ಬರೂ ತಮ್ಮ ಕಡೆಯವರ ಮೇಲಾದದ್ದನ್ನು ಎದ್ದು ನಿಂತು ಹೇಳಿದರು, ಎದುರಿನವರು ಕೂತು ಕೇಳಿದರು. ಒಂದು ಬಿಳಿ ಹೋರಿಯನ್ನು ಬಲಿ ಕೊಟ್ಟು ಆಣೆ ಇಟ್ಟರು. ಹುಲ್ಲುಗಾವಲು, ನೀರಿನ ತಾಣ, ಕದ್ದೊಯ್ದ ಹೆಂಗಸರು ಮಕ್ಕಳು, ಎಲ್ಲದರ ಬಗ್ಗೆಯೂ ಮಾತಾಯಿತು. ಮಾಚಾರ್ ಮರಳಿ ಗರಾಂಗ್ ಜೊತೆ ಸೇರಿದ್ದು 2002ರಲ್ಲಿ. ಅಂದರೆ ದನಗಾಹಿಗಳು ರಾಜಿಯಾದ ಮೂರು ವರ್ಷಕ್ಕೆ ನಾಯಕರು ರಾಜಿಯಾದರು. ನಿಮ್ಮ ಜನಕ್ಕೆ ಒಟ್ಟಿಗೆ ಬದುಕುವುದು ಬರುವುದಿಲ್ಲ, ಅದು ಬುಡಕಟ್ಟುಗಳ ದ್ವೇಷ ಎಂದು ಹೊರಗಿನವರು ಬರೆಯುವಾಗಲೆಲ್ಲ ನನಗೆ ವುನ್ಲಿಟ್ ನೆನಪಾಗಿ ಸಂಕಟವಾಗುತ್ತದೆ.

2005ರ ಜುಲೈ 30ರಂದು, ಸುಡಾನಿನ ಉಪಾಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡು ಮೂರೇ ವಾರಕ್ಕೆ, ಗರಾಂಗ್ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ನೀವು ಬಂದಿರಿ, ಮಾಚಾರ್ ನಿಮ್ಮ ಪಕ್ಕಕ್ಕೆ ಬಂದರು. ಎಂಟು ವರ್ಷ ಹೇಗೋ ನಡೆಯಿತು. 2013ರಲ್ಲಿ ಅವರು ಪಕ್ಷದ ಅಧ್ಯಕ್ಷಗಿರಿಗೆ ಸ್ಪರ್ಧಿಸುವ ಇಂಗಿತ ಹೇಳಿದರು. ಜುಲೈ 23ರಂದು ನೀವು ಅವರನ್ನೂ ಇಡೀ ಮಂತ್ರಿಮಂಡಲವನ್ನೂ ಒಂದೇ ಏಟಿಗೆ ವಜಾ ಮಾಡಿದಿರಿ. ಡಿಸೆಂಬರ್ 15ರ ರಾತ್ರಿ ನಿಮ್ಮ ಅಂಗರಕ್ಷಕ ಪಡೆಯೊಳಗೇ ಗುಂಡು ಹಾರಿತು. ಮರುದಿನ ಟಿ.ವಿ.ಯಲ್ಲಿ ನಿಮ್ಮನ್ನು ನೋಡಿದೆ. ಯಾವಾಗಲೂ ಕೋಟು, ಕಪ್ಪು ಹ್ಯಾಟು ತೊಡುತ್ತಿದ್ದ ನೀವು ಸೈನಿಕ ಸಮವಸ್ತ್ರದಲ್ಲಿದ್ದಿರಿ. ದಂಗೆಯ ಪ್ರಯತ್ನ ನಡೆದಿದೆ ಎಂದಿರಿ. ನಾನೂ ಸಮವಸ್ತ್ರ ತೊಟ್ಟವನು. ಅಧ್ಯಕ್ಷನಾದವನು ಸಮವಸ್ತ್ರ ತೊಟ್ಟು ಕಾಣಿಸಿಕೊಂಡರೆ ಬ್ಯಾರಕ್ಕಿನಲ್ಲಿರುವ ಇಪ್ಪತ್ತರ ಹುಡುಗ ಅದನ್ನು ಏನೆಂದು ತಿಳಿಯುತ್ತಾನೆ ಎಂಬುದು ನನಗೆ ಗೊತ್ತು.

ಮುಂದಿನ ದಿನಗಳಲ್ಲಿ ಜೂಬಾದ ಬೀದಿಗಳಲ್ಲಿ ಸೈನಿಕರು ಹಣೆ ನೋಡತೊಡಗಿದರು. ಆರು ಗೆರೆ ಇದ್ದವರನ್ನು, ಡಿಂಕಾ ಭಾಷೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲಾಗದವರನ್ನು ಬೇರೆ ಮಾಡಿದರು. ಗುಡೆಲೆ ಬಡಾವಣೆಯ ಪೊಲೀಸ್ ಕಟ್ಟಡವೊಂದರಲ್ಲಿ ಕೂಡಿಹಾಕಿದ ನುಯೇರ್ ಗಂಡಸರನ್ನು ಕಿಟಕಿಯಿಂದ ಗುಂಡಿಟ್ಟು ಕೊಂದರು. ಗಂಡಸಾದ ಗುರುತಿಗೆಂದು ತಾಯ್ತಂದೆಯರು ಸಂಭ್ರಮದಿಂದ ಹಾಕಿಸಿದ ಗೆರೆಗಳೇ ಸಾವಿನ ಚೀಟಿಯಾದವು. ನೈಜೀರಿಯಾದ ಮಾಜಿ ಅಧ್ಯಕ್ಷ ಒಬಸಾಂಜೊ ಅವರ ನೇತೃತ್ವದ ಆಫ್ರಿಕನ್ ಒಕ್ಕೂಟದ ತನಿಖಾ ಆಯೋಗಕ್ಕೆ ದಂಗೆಯ ಸಾಕ್ಷ್ಯ ಸಿಗಲಿಲ್ಲ. ಕೊಲೆಗಳು ಮಾತ್ರ ಯೋಜಿತವಾಗಿದ್ದವು ಎಂದು ಅದು ಹೇಳಿತು. ಮಾಚಾರ್ ಕಡೆಯವರು ಬೋರ್, ಬೆಂಟಿಯು, ಮಲಕಾಲ್‌ಗಳಲ್ಲಿ ಮಾಡಿದ್ದನ್ನೂ ಅದೇ ವರದಿ ದಾಖಲಿಸಿದೆ. ಒಂದು ಕಡೆಯವರ ಪಾಪವನ್ನು ಇನ್ನೊಂದು ಕಡೆಯವರದರ ಕೆಳಗೆ ಮುಚ್ಚಿಡಲು ನಾನು ಬಯಸುವುದಿಲ್ಲ.

ಮಲಕಾಲ್ ಎಷ್ಟೋ ಸಲ ಕೈ ಬದಲಾಯಿತು. ಒಂದು ಪಡೆ ಬಂದಾಗ ಒಂದು ಕುಲದವರು ಓಡಿದರು, ಮತ್ತೊಂದು ಬಂದಾಗ ಮತ್ತೊಂದು ಕುಲದವರು. 2014ರ ಫೆಬ್ರುವರಿಯಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೇ ರೋಗಿಗಳನ್ನು ಕೊಂದರು. ನಾವು ದನಗಳ ಶಿಬಿರ ನಡೆಸುತ್ತಿದ್ದ ಪಟ್ಟಣದ ಜನ ಸಾವಿರಗಟ್ಟಲೆ ಬಂದು ವಿಶ್ವಸಂಸ್ಥೆಯ ನೆಲೆಯೊಳಗೆ ತಾಡಪಾಲಿನ ಕೆಳಗೆ ಬಿದ್ದುಕೊಂಡರು. 2016ರ ಫೆಬ್ರುವರಿಯಲ್ಲಿ ಅಲ್ಲಿಗೂ ನುಗ್ಗಿ ಬೆಂಕಿ ಇಟ್ಟರು. ನಮ್ಮವರೂ ಸತ್ತಿದ್ದಾರೆ. 2013ರ ಏಪ್ರಿಲ್‌ನಲ್ಲಿ ಜೊಂಗ್ಲೇ ರಾಜ್ಯದಲ್ಲಿ ಬೆಂಗಾವಲಿಗೆ ಹೋಗಿದ್ದ ಐವರು ಭಾರತೀಯ ಯೋಧರು ಹೊಂಚು ದಾಳಿಗೆ ಬಲಿಯಾದರು. ಅದೇ ಡಿಸೆಂಬರ್‌ನಲ್ಲಿ ಅಕೋಬೊದಲ್ಲಿ, ಆಶ್ರಯ ಕೇಳಿ ಬಂದ ಡಿಂಕಾ ನಾಗರಿಕರಿದ್ದ ನೆಲೆಯ ಮೇಲೆ ನಡೆದ ದಾಳಿಯಲ್ಲಿ ಇನ್ನಿಬ್ಬರು.

ಎರಡು ಕೋಣ ಕಾದಾಡಿದರೆ ಸಾಯುವುದು ನಡುವಿನ ಗಿಡ ಎಂದು ನಮ್ಮ ಕಡೆ ಹಳೆಯ ಮಾತಿದೆ. ನಿಮ್ಮಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ಗಿಡಗಳ ಕೈಗೂ ಬಂದೂಕು ಕೊಟ್ಟು ಕಾದಾಡಿಸಿದಿರಿ. ದನದ ಹಟ್ಟಿಯ ಸಂಜೆಯನ್ನು ನಾನು ಕಂಡಿದ್ದೇನೆ. ಸಗಣಿ ಸುಟ್ಟ ಹೊಗೆ ನೆಲಕ್ಕೆ ಹಬ್ಬಿರುತ್ತದೆ, ಸೊಳ್ಳೆ ನೊಣಕ್ಕೆ. ಹುಡುಗರು ಆ ಬಿಳಿ ಬೂದಿಯನ್ನು ದನಗಳ ಮೈಗೂ ತಮ್ಮ ಮೈಗೂ ಬಳಿದುಕೊಳ್ಳುತ್ತಾರೆ. ವಿಭೂತಿ ಹಚ್ಚಿದ ಮನೆಯಲ್ಲಿ ಬೆಳೆದ ನನಗೆ ಅದು ಪರದೇಶ ಅನ್ನಿಸಲಿಲ್ಲ. ಪ್ರತಿ ಹುಡುಗನಿಗೂ ಒಂದು ಮೆಚ್ಚಿನ ಎತ್ತು, ಅದರ ಮೇಲೊಂದು ಹಾಡು. ಮದುವೆಗೆ ತೆರವೆಂದು ಕೊಡುವುದು ದನ, ಕೊಲೆಗೆ ದಂಡವೆಂದು ಕೊಡುವುದೂ ದನ. ಹಿಂದೆ ಒಬ್ಬ ಸತ್ತರೆ ಹಿರಿಯರು ಕೂತು ಇಷ್ಟು ದನ ಎಂದು ತೀರ್ಮಾನಿಸಿದರೆ ಹಗೆ ಅಲ್ಲಿಗೆ ನಿಲ್ಲುತ್ತಿತ್ತು. ಈಟಿಯಿಂದ ಒಬ್ಬನನ್ನೋ ಇಬ್ಬರನ್ನೋ ಕೊಲ್ಲಬಹುದು. ಏಕೆ-47 ಒಂದು ಬೆಳಗಿನಲ್ಲಿ ಕೊಲ್ಲುವ ಜನಕ್ಕೆ ದಂಡ ಕಟ್ಟಲು ಯಾವ ಹಟ್ಟಿಯಲ್ಲೂ ಅಷ್ಟು ದನವಿಲ್ಲ. ಆ ಬಂದೂಕುಗಳನ್ನು ಹಟ್ಟಿಗೆ ತಂದವರಲ್ಲಿ ಖಾರ್ಟೂಮ್‌ನ ಸುಡಾನ್ ಸರ್ಕಾರ ಮೊದಲಿತ್ತು, ನಿಜ. ಆಮೇಲೆ ನೀವಿಬ್ಬರೂ ಸೈನ್ಯ ಸಾಲದೆ ಬಂದಾಗ ಆ ಹುಡುಗರನ್ನೇ ಕರೆದಿರಿ. ಕಾಲುಬಾಯಿ ಜ್ವರ, ಗಳಲೆ, ಚಪ್ಪೆ ರೋಗಗಳಿಗೆ ನನ್ನ ಚೀಲದಲ್ಲಿ ಔಷಧಿ ಇತ್ತು. ಗುಂಡು ತಾಗಿದ ದನವನ್ನು ಎಳೆದು ತಂದು, ಇದನ್ನು ಉಳಿಸಿಕೊಡು ಎಂದು ಕೈ ಹಿಡಿದ ಹನ್ನೆರಡರ ಹುಡುಗನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ಲಂಡನ್ನಿನ ಸಂಶೋಧಕರು 2018ರಲ್ಲಿ ಅಂದಾಜು ಮಾಡಿದ ಪ್ರಕಾರ, ಯುದ್ಧ ಇಲ್ಲದಿದ್ದರೆ ಸಾಯದೆ ಇರುತ್ತಿದ್ದ 3,83,000 ಜನ ಆ ನಾಲ್ಕೂವರೆ ವರ್ಷದೊಳಗೆ ಸತ್ತಿದ್ದಾರೆ. 2017ರಲ್ಲಿ ಕ್ಷಾಮ ಘೋಷಣೆಯಾದ ಎರಡು ತಾಲ್ಲೂಕುಗಳಲ್ಲಿ ಒಂದು ಲೇರ್, ಮಾಚಾರ್ ಹುಟ್ಟಿದ ಊರು.

ನಮ್ಮ ದೇಶದ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ನಿಮ್ಮ ನೆಲದ ಎಣ್ಣೆಯಲ್ಲಿ ಚೀನಾದ ಜೊತೆ, 2024ರವರೆಗೆ ಮಲೇಷ್ಯಾದ ಜೊತೆಯೂ, ಭಾರತದ ಸರ್ಕಾರಿ ಕಂಪನಿಗೂ 2003ರಿಂದ ಪಾಲಿದೆ. ನಿಮ್ಮ ಸರ್ಕಾರದ ಆದಾಯ ಬಹುಪಾಲು ಆ ಎಣ್ಣೆಯದೇ. ಅದು ಶಾಲೆಗೆ, ರಸ್ತೆಗೆ, ಮದ್ದಿಗೆ ಎಷ್ಟು ಹೋಯಿತು, ಬಂದೂಕಿಗೂ ಜೇಬಿಗೂ ಎಷ್ಟು ಹೋಯಿತು ಎಂದು ಎಣ್ಣೆ ಕೊಳ್ಳುವವರು ಗಟ್ಟಿಯಾಗಿ ಕೇಳಲಿಲ್ಲ. ನಾವು ಒಂದು ಕೈಯಲ್ಲಿ ಯೋಧರನ್ನೂ ವೈದ್ಯರನ್ನೂ ಕಳಿಸಿದೆವು, ಇನ್ನೊಂದು ಕೈಯಲ್ಲಿ ಎಣ್ಣೆ ತೆಗೆದುಕೊಂಡೆವು. ದೆಹಲಿಯವರೂ ಇದಕ್ಕೆ ಉತ್ತರ ಕೊಡಬೇಕು.

ಒಪ್ಪಂದಗಳ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. 2015ರ ಆಗಸ್ಟ್‌ನಲ್ಲಿ ಸಹಿ ಹಾಕುವಾಗ ಆಕ್ಷೇಪಗಳ ಪಟ್ಟಿಯನ್ನೂ ಜೊತೆಗೆ ಕೊಟ್ಟಿರಿ. 2016ರ ಏಪ್ರಿಲ್‌ನಲ್ಲಿ ಮಾಚಾರ್ ಜೂಬಾಕ್ಕೆ ಬಂದರು. ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಐದು ವರ್ಷ ತುಂಬುವ ಮುನ್ನಾದಿನ, ನೀವಿಬ್ಬರೂ ಒಳಗಿರುವಾಗಲೇ ನಿಮ್ಮ ಅರಮನೆಯ ಅಂಗಳದಲ್ಲಿ ಇಬ್ಬರ ಅಂಗರಕ್ಷಕರೂ ಕೊಂದಾಡಿದರು. ಮಾಚಾರ್ ಕಾಡು ಹಿಡಿದು ಕಾಂಗೋಗೆ ನಡೆದುಹೋದರು. 2018ರಲ್ಲಿ ಮತ್ತೆ ಒಪ್ಪಂದ. 2019ರ ಏಪ್ರಿಲ್‌ನಲ್ಲಿ ವ್ಯಾಟಿಕನ್‌ನಲ್ಲಿ 82 ವರ್ಷದ ಪೋಪ್ ಫ್ರಾನ್ಸಿಸ್ ಮಂಡಿಯೂರಿ ನಿಮ್ಮ ಪಾದಕ್ಕೂ ಮಾಚಾರ್ ಪಾದಕ್ಕೂ ಮುತ್ತಿಟ್ಟರು. ನಾನು ಹಿಂದೂ. ಹಿರಿಯರ ಕಾಲಿಗೆ ಕಿರಿಯರು ಎರಗುವುದನ್ನು ಕಂಡು ಬೆಳೆದವನು. ಆ ಮುದುಕರು, ನೆಟ್ಟಗೆ ಏಳಲೂ ಆಗದವರು, ನಿಮ್ಮ ಬೂಟಿನ ತನಕ ಬಗ್ಗಿದ್ದು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ಇವರು ಜಗಳವಾಡಲಾರರು ಎಂದು ಹೆಂಡತಿಗೆ ಹೇಳಿದೆ.

ಈಗ ಮಾಚಾರ್ ಕಟಕಟೆಯಲ್ಲಿದ್ದಾರೆ. 2025ರ ಮಾರ್ಚ್‌ನಲ್ಲಿ ನಾಸಿರ್‌ನ ಸೇನಾ ನೆಲೆಯನ್ನು ನುಯೇರ್ ಯುವಕರ ಪಡೆ ಹಿಡಿಯಿತು. ಗಾಯಾಳುಗಳನ್ನು ಸಾಗಿಸಲು ಬಂದ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಮೇಲೂ ಗುಂಡು ಹಾರಿ ಸೇನಾಧಿಕಾರಿಗಳು ಸತ್ತರು. ಅದು ಘೋರ ಅಪರಾಧ. ಮಾಡಿದವರಿಗೆ ಶಿಕ್ಷೆಯಾಗಬೇಕು. ನೀವು ಮಾಚಾರ್ ಅವರನ್ನು ಗೃಹಬಂಧನದಲ್ಲಿಟ್ಟು, ಸೆಪ್ಟೆಂಬರ್‌ನಲ್ಲಿ ಕೊಲೆ, ದೇಶದ್ರೋಹ, ಮಾನವತೆಯ ವಿರುದ್ಧದ ಅಪರಾಧಗಳ ಆರೋಪ ಹೊರಿಸಿ, ಮೊದಲ ಉಪಾಧ್ಯಕ್ಷ ಸ್ಥಾನದಿಂದ ಅಮಾನತು ಮಾಡಿ ವಿಚಾರಣೆ ಶುರು ಮಾಡಿಸಿದಿರಿ.

ನ್ಯಾಯ ಬೇಡವೆಂದು ನಾನು ಹೇಳುತ್ತಿಲ್ಲ. ಪೂರ್ತಿ ನ್ಯಾಯ ಕೊಡಿ ಎನ್ನುತ್ತಿದ್ದೇನೆ. 2015ರ ಒಪ್ಪಂದದಲ್ಲೂ 2018ರದರಲ್ಲೂ ನೀವಿಬ್ಬರೂ ಒಂದು ಮಾತು ಕೊಟ್ಟಿದ್ದೀರಿ. ಆಫ್ರಿಕನ್ ಒಕ್ಕೂಟದ ಜೊತೆಗೂಡಿ ನಿಮ್ಮ ದೇಶದ ಮತ್ತು ಬೇರೆ ಆಫ್ರಿಕನ್ ದೇಶಗಳ ನ್ಯಾಯಾಧೀಶರಿರುವ ಜಂಟಿ ನ್ಯಾಯಾಲಯ ಕಟ್ಟುತ್ತೇವೆ, 2013ರ ಡಿಸೆಂಬರ್‌ನಿಂದ ನಡೆದದ್ದನ್ನೆಲ್ಲ ಅದರ ಮುಂದಿಡುತ್ತೇವೆ ಎಂದು. ಹತ್ತು ವರ್ಷವಾಯಿತು. ಆ ನ್ಯಾಯಾಲಯ ಎದ್ದಿಲ್ಲ. ನಿಮ್ಮ ಎದುರಾಳಿಯನ್ನು ವಿಚಾರಿಸುವ ನ್ಯಾಯಾಲಯ ಮಾತ್ರ ಕೆಲವೇ ತಿಂಗಳಲ್ಲಿ ಸಿದ್ಧವಾಯಿತು. ನಾಸಿರ್‌ನಲ್ಲಿ ಸತ್ತ ಸೈನಿಕನ ತಾಯಿಗೆ ನ್ಯಾಯ ಸಿಗಲಿ. ಗುಡೆಲೆಯಲ್ಲಿ ಸತ್ತವನ ತಾಯಿಯನ್ನೂ ಅದೇ ಮೆಟ್ಟಿಲು ಹತ್ತಿಸಿ. ಬೋರ್‌ನವಳೂ ಬರಲಿ, ಬೆಂಟಿಯುವಿನವಳೂ ಬರಲಿ. ಅಲ್ಲಿ ನಿಮ್ಮ ಹೆಸರು ಬಂದರೆ ನೀವೂ ಬಂದು ನಿಲ್ಲಿ. ನಿಮ್ಮ 2012ರ ಪತ್ರದ ‘ನಾವು’ ಎಂಬ ಪದಕ್ಕೆ ನನಗೆ ತಿಳಿದ ಅರ್ಥ ಅದು.

ಡಾ. ಮಾಚಾರ್ ಅವರಿಗೂ ಇಲ್ಲೇ ಒಂದು ಮಾತು. ಬೋರ್‌ನ ಕೊಲೆಗಳಿಗೆ ನೀವು 2011ರಲ್ಲಿ ಅತ್ತು ಕ್ಷಮೆ ಕೇಳಿದಿರಿ. ಇಪ್ಪತ್ತು ವರ್ಷ ತಡವಾದರೂ ಕೇಳಿದಿರಿ. ಎರಡೇ ವರ್ಷಕ್ಕೆ ನಿಮ್ಮ ಕಡೆಯವರು ಅದೇ ಬೋರ್‌ಗೆ ಮತ್ತೆ ನುಗ್ಗಿದಾಗ ಆ ಕಣ್ಣೀರನ್ನು ನಂಬಿದವರಿಗೆ ಏನನ್ನಿಸಿರಬೇಕು? ನಿಮಗೆ ಅನ್ಯಾಯವಾಗಿದೆ ಎಂದು ನಿಮ್ಮವರು ಈಗ ಬಂದೂಕು ಎತ್ತಿದ್ದರೆ, ಇಳಿಸಿ ಎಂದು ಹೇಳುವ ಅಧಿಕಾರ ನಿಮಗೊಬ್ಬರಿಗೇ ಇದೆ. ಬಂಧನದಲ್ಲಿದ್ದೂ ಅದನ್ನು ಹೇಳಬಹುದು.

ಅಧ್ಯಕ್ಷರೇ, ನಿಮಗಿಬ್ಬರಿಗೂ ಎಪ್ಪತ್ತು ದಾಟಿದೆ. ಸ್ವತಂತ್ರ ದಕ್ಷಿಣ ಸುಡಾನ್ ಒಮ್ಮೆಯೂ ತನ್ನ ಅಧ್ಯಕ್ಷನನ್ನು ಚುನಾಯಿಸಿಲ್ಲ. ನಿಮ್ಮನ್ನು ಜನ ಆರಿಸಿದ್ದು 2010ರಲ್ಲಿ, ದೇಶ ಹುಟ್ಟುವ ಮೊದಲು. 2015ರ ಚುನಾವಣೆ ಮುಂದೆ ಹೋಯಿತು, 2018ರದು ಹೋಯಿತು, 2024ರದು ಹೋಯಿತು. ಈಗ 2026ರ ಡಿಸೆಂಬರ್ ಎಂದಿದ್ದೀರಿ. ಈ ನಡುವೆ ಉತ್ತರಾಧಿಕಾರಿಯೆಂದು ಜನ ಮಾತಾಡಿಕೊಳ್ಳುತ್ತಿದ್ದ ಉಪಾಧ್ಯಕ್ಷರೊಬ್ಬರನ್ನು 2025ರ ಫೆಬ್ರುವರಿಯಲ್ಲಿ ತಂದು ನವೆಂಬರ್‌ನಲ್ಲಿ ತೆಗೆದಿರಿ. ಮುಂದಿನವರು ಯಾರು ಎಂದು ಜೂಬಾದ ಪ್ರತಿ ಮನೆಯೂ ಉಸಿರು ಬಿಗಿಹಿಡಿದು ಕೇಳುತ್ತಿದೆ. ಅದನ್ನು ತೀರ್ಮಾನಿಸುವುದು ಒಂದು ಆದೇಶಪತ್ರವೂ ಅಲ್ಲ, ಅಂಗರಕ್ಷಕರ ಬಂದೂಕೂ ಅಲ್ಲ, ಆ ಮಸಿ ಹತ್ತಿದ ಹೆಬ್ಬೆರಳು ಎಂದು ನೀವೇ ರೇಡಿಯೊದಲ್ಲಿ ಹೇಳಿ. ನಾನು ನಿಲ್ಲುವುದಿಲ್ಲ, ಸೋತವನೂ ಇಳಿದವನೂ ಈ ದೇಶದಲ್ಲಿ ತನ್ನ ಮನೆಯಲ್ಲೇ ಇರುತ್ತಾನೆ ಎಂದು ಹೇಳಿ. ಅದಕ್ಕೂ ಮೊದಲು ನಿಮ್ಮ 2012ರ ಪತ್ರವನ್ನು ಅದೇ ರೇಡಿಯೊದಲ್ಲಿ, ಡಿಂಕಾ, ನುಯೇರ್, ಶಿಲ್ಲುಕ್, ಬಾರಿ, ಜಾಂದೆ, ಎಲ್ಲರಿಗೂ ಅರ್ಥವಾಗುವ ಜೂಬಾ ಅರಬ್ಬಿಯಲ್ಲಿ ಓದಿಸಿ.

ನನ್ನ ದುಭಾಷಿ ಹುಡುಗನಿಂದ 2013ರ ಡಿಸೆಂಬರ್ ನಂತರ ಸುದ್ದಿಯಿಲ್ಲ. ಅದಕ್ಕೆ ಹಿಂದಿನ ತಿಂಗಳು ಫೋನ್ ಮಾಡಿದ್ದಾಗ ಜೂಬಾದಲ್ಲಿ ಕೆಲಸ ಸಿಕ್ಕಿದೆ, ಎರಡು ಹಸು ಕೊಂಡಿದ್ದೇನೆ, ಒಂದು ಗಬ್ಬವಾಗಿದೆ ಎಂದಿದ್ದ. ಅವನು ಉಗಾಂಡಾದ ಯಾವುದೋ ನಿರಾಶ್ರಿತರ ಶಿಬಿರದಲ್ಲಿದ್ದಾನೆ, ಮೊಬೈಲು ಕಳೆದುಕೊಂಡಿದ್ದಾನೆ ಅಷ್ಟೆ ಎಂದು ನಾನು ಅಂದುಕೊಂಡಿದ್ದೇನೆ. ಬದುಕಿದ್ದರೆ ಈಗ ಅವನಿಗೆ ನಲವತ್ತರ ಹತ್ತಿರ. ತನ್ನ ದೇಶದ ಪ್ರಜೆಯಾಗಿ ಅವನು ಇನ್ನೂ ಒಂದು ಮತವನ್ನೂ ಹಾಕಿಲ್ಲ.

ಗೌರವಪೂರ್ವಕವಾಗಿ,

ಒಬ್ಬ ನಿವೃತ್ತ ಹವಾಲ್ದಾರ್
ಚಿತ್ರದುರ್ಗ ಜಿಲ್ಲೆ, ಕರ್ನಾಟಕ